ಗಂಧಕದ ಹರಳು ಕೊಳ್ಳುವ ಮುನ್ನ ಏನು ನೋಡಬೇಕು? ತಂದ ಮೇಲೆ ಹೇಗೆ ಇಡಬೇಕು?

ಕಲ್ಲುಹಂಬಲಿ:

ಎಲ್ಲರಿಗೂ ನಮಸ್ಕಾರ. ಕ್ವಾರ್ಟ್ಸ್, ಕ್ಯಾಲ್ಸೈಟ್, ಫ್ಲೋರೈಟ್ ಮಾದರಿಗಳನ್ನು ಇಟ್ಟುಕೊಂಡು ಅಭ್ಯಾಸವಿದೆ, ಗಂಧಕ ಮಾತ್ರ ಹೊಸದು. ಸದ್ಯ ಎರಡು ಮಾದರಿಗಳ ಮೇಲೆ ಕಣ್ಣಿದೆ.

ಮೊದಲನೆಯದು ಇಟಲಿಯ ಸಿಸಿಲಿ ದ್ವೀಪದ್ದು. ಆರು ಸೆಂ.ಮೀ. ಅಗಲದ ತಳಕಲ್ಲು, ಅದರ ಮೇಲೆ ಸುಮಾರು 15 ಮಿ.ಮೀ. ಉದ್ದದ ಒಂದು ಪಾರಕ (ಆಚೆಬದಿ ಕಾಣುವಂಥ) ಹರಳು, ಸುತ್ತ ಐದಾರು ಚಿಕ್ಕವು, ಪಕ್ಕದಲ್ಲಿ ಬಿಳಿ ಅರಗೊನೈಟ್ ಖನಿಜ. ಎರಡನೆಯದಕ್ಕೆ 'ಜ್ವಾಲಾಮುಖಿ ಗಂಧಕ' ಎಂದಷ್ಟೇ ಚೀಟಿ. ಒಂದಕ್ಕೊಂದು ಹೆಣೆದುಕೊಂಡ ಉದ್ದುದ್ದ ಸೂಜಿಗಳು, ಮಾಸಲು ಹಳದಿ, ಅಡಿ ಮಟ್ಟಸವಾಗಿದೆ.

ಗಂಧಕ ಕೈಬಿಸಿಗೇ ಒಡೆಯುತ್ತದೆ ಅಂತ ಒಬ್ಬರು, ಏನೂ ಆಗುವುದಿಲ್ಲ ಅಂತ ಇನ್ನೊಬ್ಬರು. ಯಾವುದು ಸರಿ? ಇಷ್ಟೆಲ್ಲ ರಗಳೆ ಇದ್ದೂ ಜನ ಇದರ ಹಿಂದೆ ಯಾಕೆ ಬೀಳುತ್ತಾರೆ? ಈ ಎರಡರಲ್ಲಿ ಯಾವುದನ್ನು ಆರಿಸಲಿ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಹರಳುನೋಟ:

ಒಡೆಯುತ್ತದೆ ಅನ್ನುವುದೇ ಸರಿ. ಆದರೆ ಎಲ್ಲ ಹರಳೂ, ಪ್ರತಿ ಸಲವೂ ಒಡೆಯುವುದಿಲ್ಲವಾದ್ದರಿಂದ ಎರಡನೆಯ ಮಾತು ಹುಟ್ಟಿಕೊಂಡಿದೆ.

ಕಾರಣ ಗಂಧಕದ ಒಳಗಟ್ಟಿನಲ್ಲಿದೆ. ಎಂಟೆಂಟು ಪರಮಾಣುಗಳು ಸೇರಿ ಒಂದೊಂದು ಬಳೆಯಾಗಿರುತ್ತವೆ. ಬಳೆಯೊಳಗಿನ ಬಂಧ ಗಟ್ಟಿ, ಬಳೆ ಬಳೆಗಳ ನಡುವಿನ ಹಿಡಿತ ತೀರಾ ಸಡಿಲ. ಗಂಧಕದ ಮೆದುತನ (1ರಿಂದ 10ರವರೆಗಿನ ಮೋಸ್ ಗಡಸುತನದ ಅಳತೆಯಲ್ಲಿ 1.5ರಿಂದ 2.5), ಬೇಗ ಕರಗುವ ಗುಣ (ಸುಮಾರು 115 ಡಿಗ್ರಿ ಸೆಲ್ಸಿಯಸ್), ಹಗುರ ತೂಕ (ಸಾಪೇಕ್ಷ ಸಾಂದ್ರತೆ 2.07) ಎಲ್ಲಕ್ಕೂ ಇದೇ ಮೂಲ. ಶಾಖ ಹಾಯಲು ಬಿಡುವುದರಲ್ಲಿ ಇದು ಮಹಾ ಜಿಪುಣ. ಉಷ್ಣವಾಹಕತೆ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.2 ವ್ಯಾಟ್‌ನಷ್ಟು. ಗಾಜಿನ ಐದನೇ ಒಂದು ಪಾಲು ಅಂದುಕೊಳ್ಳಿ. ಬಿಸಿಗೆ ಹಿಗ್ಗುವುದರಲ್ಲಾದರೋ ಕಿಟಕಿ ಗಾಜಿಗಿಂತ ಹಲವು ಪಟ್ಟು ಮುಂದೆ. ಅದೂ ದಿಕ್ಕಿನಿಂದ ದಿಕ್ಕಿಗೆ ಬೇರೆ ಬೇರೆ ಪ್ರಮಾಣದಲ್ಲಿ.

25 ಡಿಗ್ರಿಯಲ್ಲಿದ್ದ ಹರಳನ್ನು ಬೆರಳ ನಡುವೆ ಹಿಡಿದಿರಿ ಅನ್ನಿ. ಬೆರಳು ತಾಗಿದ ಮೇಲ್ಪದರ ಬಿಸಿಯಾಗಿ ಹಿಗ್ಗುತ್ತದೆ, ಆ ಬಿಸಿ ಒಳಗಿಳಿಯುವುದೇ ಇಲ್ಲ. ಒಳಗಿನ ತಣ್ಣನೆಯ ಭಾಗ ಇದ್ದಲ್ಲೇ ಇರುತ್ತದೆ, ಎಳೆದಾಟಕ್ಕೆ ಹರಳು ಸೀಳುತ್ತದೆ. ದೊಡ್ಡ ಹರಳನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ತಂದರೆ 'ಟಿಕ್, ಟಿಕ್' ಎಂದು ಸಣ್ಣಗೆ ಕೇಳುತ್ತದೆ. ಅದು ಬಿರುಕು ಬಿಡುವ ಸದ್ದು. ಇದನ್ನು ಗುರುತಿನ ಪರೀಕ್ಷೆ ಎಂದು ಹೇಳಿಕೊಡುವವರಿದ್ದಾರೆ. ಮುರಿದ ತುಂಡಿನ ಮೇಲೆ ಮಾಡಿ ನೋಡಿ, ಒಳ್ಳೆಯ ಮಾದರಿಯ ಮೇಲೆ ಬೇಡ. 3–4 ಮಿ.ಮೀ. ಹರಳುಗಳು ಪೂರ್ತಿ ಬೇಗ ಬಿಸಿಯಾಗುವುದರಿಂದ ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಒಂದು ಸೆಂ.ಮೀ. ದಾಟಿದ, ದಪ್ಪನೆಯ, ಪಾರಕ ಹರಳುಗಳಿಗೇ ಹೆಚ್ಚು ಅಪಾಯ. ನಿಮ್ಮ 15 ಮಿ.ಮೀ.ನದು ಆ ಗುಂಪಿಗೇ ಸೇರುತ್ತದೆ.

ಇನ್ನು ಜನ ಯಾಕೆ ಹಿಂದೆ ಬೀಳುತ್ತಾರೆ ಅಂದಿರಿ. ಬಣ್ಣ ಮೊದಲನೆಯದು. ಫ್ಲೋರೈಟಿನ ಬಣ್ಣ ಬೆರಕೆಯಿಂದಲೋ ಹರಳಿನ ಪರಮಾಣು ಜಾಲದ ದೋಷದಿಂದಲೋ ಬರುತ್ತದೆ, ಹಾಗಾಗಿ ನೇರಿಳೆ, ಹಸಿರು, ಬಣ್ಣವಿಲ್ಲದ್ದು ಎಲ್ಲ ಸಿಗುತ್ತವೆ. ಗಂಧಕದ ಹಳದಿ ಗಂಧಕದ್ದೇ. ನೇರಿಳೆ-ನೀಲಿ ತುದಿಯ ಬೆಳಕನ್ನು ಅದು ನುಂಗಿಕೊಳ್ಳುತ್ತದೆ, ಉಳಿದದ್ದು ನಮಗೆ ಹಳದಿಯಾಗಿ ಕಾಣುತ್ತದೆ. ಬಿಸಿ ಮಾಡಿದರೆ ಬಣ್ಣ ಕಿತ್ತಳೆಯತ್ತ ವಾಲುತ್ತದೆ, ದ್ರವ ಸಾರಜನಕದಲ್ಲಿ ಅದ್ದಿದರೆ ಬಿಳಿಚಿಕೊಳ್ಳುತ್ತದೆ. (ಎರಡನ್ನೂ ಸಂಗ್ರಹದ ಮಾದರಿಯ ಮೇಲೆ ಪ್ರಯೋಗಿಸುವ ಪುಣ್ಯಾತ್ಮರು ಇಲ್ಲಿ ಇಲ್ಲವೆಂದು ನಂಬಿದ್ದೇನೆ.)

ಬಣ್ಣಕ್ಕಿಂತಲೂ ನನಗೆ ದೊಡ್ಡದೆನಿಸುವುದು ಬೆಳಕನ್ನು ಬಾಗಿಸುವ ಶಕ್ತಿ. ವಕ್ರೀಭವನ ಸೂಚ್ಯಂಕ ದಿಕ್ಕಿಗನುಗುಣವಾಗಿ 1.958, 2.038, 2.245. ವಜ್ರದ್ದು 2.42, ಕ್ವಾರ್ಟ್ಸಿನದು 1.55ರ ಆಸುಪಾಸು. ಚೊಕ್ಕ ಮುಖವಿರುವ ಗಂಧಕಕ್ಕೆ ಒದ್ದೆ ಒದ್ದೆಯಾದ, ರಾಳ ಬಳಿದಂಥ ಹೊಳಪು ಬರುವುದು ಇದರಿಂದಲೇ. ಬೆಳಕಿನ ಕಿರಣವನ್ನು ಎರಡಾಗಿ ಸೀಳುವ ಗುಣ, ಅಂದರೆ ದ್ವಿವಕ್ರೀಭವನ, 0.287. ಒಂದು ಗೆರೆಯನ್ನು ಎರಡಾಗಿ ತೋರಿಸುವುದಕ್ಕೆ ಹೆಸರಾದ ಕ್ಯಾಲ್ಸೈಟಿನದು 0.172 ಅಷ್ಟೇ. ಪಾರಕ ಹರಳಿನ ಒಂದು ಮುಖದಿಂದ ಲೂಪ್ (ಚಿಕ್ಕ ಭೂತಗನ್ನಡಿ) ಹಿಡಿದು ಹಿಂಬದಿಯ ಅಂಚುಗಳನ್ನು ನೋಡಿ. ಒಂದೊಂದು ಅಂಚೂ ಜೋಡಿಯಾಗಿ ಕಾಣುತ್ತದೆ, ಹರಳನ್ನು ತಿರುಗಿಸುತ್ತ ಹೋದರೆ ಜೋಡಿ ಹತ್ತಿರವಾಗುತ್ತದೆ, ಮತ್ತೆ ದೂರ ಸರಿಯುತ್ತದೆ. ಬಣ್ಣಗಳನ್ನು ಬಿಡಿಸಿ ತೋರಿಸುವ ಪ್ರಸರಣವೂ 0.155, ವಜ್ರದ್ದು 0.044. ಈ ಅಂಕಿಗಳ ಆಸೆಗೆ ಬಿದ್ದು ಗಂಧಕವನ್ನು ರತ್ನದಂತೆ ಸಾಣೆ ಹಿಡಿಯುವವರೂ ಇದ್ದಾರೆ. ನಿಧಾನಕ್ಕೆ ತಿರುಗುವ ಚಕ್ರ, ಧಾರಾಳ ನೀರು, ಮೇಣ ಕರಗಿಸಿ ಅಂಟಿಸುವ ಬದಲು ತಣ್ಣನೆಯ ಅಂಟು. ಇಷ್ಟಾದರೂ ಕೊನೇ ಮುಖದಲ್ಲಿ ಒಡೆದು ಹೋಗುವುದು ಮಾಮೂಲು. ಉಂಗುರಕ್ಕಂತೂ ಆಗದು.

ಹರಳಿನ ಆಕಾರಕ್ಕೆ ಬಂದರೆ, ಎರಡು ಚೂಪು ಪಿರಮಿಡ್‌ಗಳನ್ನು ಬುಡಕ್ಕೆ ಬುಡ ಜೋಡಿಸಿದಂಥದ್ದು. ಎಷ್ಟೋ ಹರಳುಗಳಲ್ಲಿ ತುದಿ ಮೊಂಡಾಗಿ, ಅಲ್ಲಿ ಇನ್ನೊಂದು ಓರೆ ಕಡಿಮೆಯ ಪಿರಮಿಡ್ ಮತ್ತು ಚಪ್ಪಟೆ ಮುಖ ಇರುತ್ತವೆ. ಆ ಮೊಂಡು ಸವೆತವಲ್ಲ, ಬೆಳವಣಿಗೆಯದೇ ಮುಖ.

ಗಣಿಮಣ್ಣು:

ಯಾವುದನ್ನು ಆರಿಸಬೇಕು ಎಂಬುದಕ್ಕೆ ಉತ್ತರ: ಸಿಸಿಲಿಯದು, ಎರಡನೇ ಯೋಚನೆಯೇ ಬೇಡ. ಕಾರಣ ತಿಳಿಯಲು ಗಂಧಕ ಹುಟ್ಟುವ ಎರಡು ದಾರಿ ಗೊತ್ತಿರಬೇಕು.

ಜ್ವಾಲಾಮುಖಿಯ ಬಾಯಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಸಲ್ಫರ್ ಡೈಆಕ್ಸೈಡ್ ಅನಿಲಗಳು ಸೇರಿದರೆ ಗಂಧಕವೂ ನೀರೂ ಆಗುತ್ತವೆ. ಇಟಲಿಯ ವುಲ್ಕಾನೊ ದ್ವೀಪ, ಪೊಜ್ಜುವೊಲಿಯ ಸೊಲ್ಫಟಾರಾ, ಜಾವಾದ ಕಾವಾ ಇಜೆನ್ ಇವಕ್ಕೆ ಹೆಸರುವಾಸಿ. ಆವಿ ಬಿಸಿಯಾಗಿರುವುದರಿಂದ ಬೆಳವಣಿಗೆ ಸರಸರ ನಡೆಯುತ್ತದೆ. ಸಿಗುವುದು ಹೆಚ್ಚಾಗಿ ಪುಡಿಪುಡಿಯಾದ ಹೆಪ್ಪು, ಗರಿಯಂಥ ಎಳೆಗಳು, ಸೂಜಿಗಳು. ಇದಕ್ಕೆ ಅಪವಾದ ಬೊಲಿವಿಯದ ಎಲ್ ದೆಸಿಯೆರ್ತೊ ಗಣಿ. ಅಲ್ಲಿನ ನಿಂಬೆ ಹಳದಿಯ, ಗಾಜಿನಂತೆ ಮಿನುಗುವ ಹರಳುಗಳು ಜ್ವಾಲಾಮುಖಿ ಪ್ರದೇಶದವೇ ಆದರೂ ಮೊದಲ ಸಾಲಿಗೆ ಸೇರಿದವು.

ಎರಡನೇ ದಾರಿ ತಣ್ಣನೆಯದು. ಜಿಪ್ಸಮ್ ಅಥವಾ ಅನ್‌ಹೈಡ್ರೈಟ್ (ಎರಡೂ ಕ್ಯಾಲ್ಸಿಯಂ ಸಲ್ಫೇಟ್) ಪದರಗಳಿಗೆ ಕಚ್ಚಾತೈಲದಂಥ ಸಾವಯವ ವಸ್ತು ಸೇರಿದಾಗ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಬದಲಾಯಿಸುತ್ತವೆ, ಅದು ಆಮ್ಲಜನಕ ಸಿಕ್ಕಲ್ಲಿ ಗಂಧಕವಾಗಿ ಕೂರುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಕ್ಯಾಲ್ಸೈಟ್ ಅಥವಾ ಅರಗೊನೈಟ್ ಆಗುತ್ತದೆ, ಜೊತೆಗೆ ಸ್ಟ್ರಾನ್ಷಿಯಂ ಇದ್ದರೆ ಸೆಲೆಸ್ಟೈಟ್. ನಿಮ್ಮ ಮಾದರಿಯಲ್ಲಿರುವ ಬಿಳಿ ಅರಗೊನೈಟ್ ಅಲಂಕಾರಕ್ಕೆ ಬಂದದ್ದಲ್ಲ, ಅದೇ ಅಡುಗೆಯ ಇನ್ನೊಂದು ಪಾಕ. ಗುಳಿಗಳಲ್ಲಿ ನಿಧಾನವಾಗಿ, ಅವಸರವಿಲ್ಲದೆ ಬೆಳೆದದ್ದರಿಂದ ದೊಡ್ಡ ಪಾರಕ ಹರಳುಗಳು.

ಸಿಸಿಲಿಯಲ್ಲಿ ಅಗ್ರಿಜೆಂತೊ ಸುತ್ತಿನ ಚಿಯಾಂಚಾನಾ, ರಕಾಲ್ಮುತೊ, ಕಾಸ್ತೆಲ್‌ತೆರ್ಮಿನಿ ಬಳಿಯ ಕೊಜ್ಜೊ ದಿಸಿ ಗಣಿ ಇವೆಲ್ಲ ಹಳೆಯ ಹೆಸರುಗಳು. ಹಳೇ ಚೀಟಿಗಳಲ್ಲಿ 'ಜಿರ್ಜೆಂತಿ' ಎಂದಿದ್ದರೆ ಅದು ಅಗ್ರಿಜೆಂತೊವೇ. ಸಿಸಿಲಿಯ ಹೊರಗೆ, ಇಟಲಿಯ ಮುಖ್ಯ ಭೂಭಾಗದಲ್ಲಿರುವ ಪೆರ್ತಿಕಾರಾದ ಹರಳುಗಳಿಗೆ ಡಾಂಬರಿನಂಥ ಬಿಟುಮೆನ್ ಸೇರಿ ಕಂದು ಛಾಯೆ. ಪೋಲೆಂಡಿನ ತಾರ್ನೊಬ್ಜೆಗ್ ಬಳಿಯ ಮಾಖೂವ್, ಸ್ಪೇನಿನ ಕೊನಿಲ್, ರಷ್ಯದ ಸಮಾರಾ ಹತ್ತಿರದ ವೊದಿನೊ, ಅಮೆರಿಕದ ಮಿಶಿಗನ್‌ನ ಮೇಬಿ ಕ್ವಾರಿ (ಸೆಲೆಸ್ಟೈಟ್ ಜೊತೆ) ಇವೂ ಗೊತ್ತಿರಲಿ. ಕಾರಾರಾದ ಅಮೃತಶಿಲೆಯ ಗುಳಿಗಳಲ್ಲಿ ಸಾಸಿವೆಗಿಂತ ಚಿಕ್ಕ, ಆದರೆ ಹತ್ತಾರು ಮುಖಗಳ ಹರಳುಗಳು ಸಿಗುತ್ತವೆ. ಸೂಕ್ಷ್ಮದರ್ಶಕ ಇರುವವರಿಗೆ ಅದೊಂದು ಬೇರೆಯೇ ಲೋಕ.

ಈ ಹಳೆಯ ಗಣಿಗಳಿಂದ ಹೊಸದಾಗಿ ಬರುವುದು ಬಹುಮಟ್ಟಿಗೆ ನಿಂತಿದೆ. 1890ರ ದಶಕದಲ್ಲಿ ಹರ್ಮನ್ ಫ್ರಾಶ್ ಲೂಸಿಯಾನಾದಲ್ಲಿ ಅತಿ ಬಿಸಿನೀರನ್ನು ಕೊಳವೆಯಲ್ಲಿ ಇಳಿಸಿ, ಗಂಧಕವನ್ನು ನೆಲದೊಳಗೇ ಕರಗಿಸಿ ಮೇಲೆತ್ತುವ ವಿಧಾನ ಸಾಧಿಸಿದ. ಸಿಸಿಲಿಯ ಏಕಸ್ವಾಮ್ಯಕ್ಕೆ ಪೆಟ್ಟು ಬಿದ್ದದ್ದು ಅಲ್ಲಿಂದ. ಈಗಂತೂ ಪೆಟ್ರೋಲಿಯಂ, ನೈಸರ್ಗಿಕ ಅನಿಲ ಶುದ್ಧಿ ಮಾಡುವಾಗ ಬೇಕಾದಷ್ಟು ಗಂಧಕ ಸಿಗುತ್ತದೆ. ಕೈಯಿಂದ ಕಲ್ಲೊಡೆದು ಗುಳಿ ತೆರೆಯುವ ಗಣಿ ಇಲ್ಲವೆಂದ ಮೇಲೆ ಹರಳು ಎಲ್ಲಿಂದ? ಕರಗಿಸಿ ಎತ್ತಿದರೆ ಹರಳೇ ಉಳಿಯುವುದಿಲ್ಲವಲ್ಲ. ಆದ್ದರಿಂದ ಹಳೆಯ ಚೀಟಿ ಇದ್ದರೆ ಅದನ್ನು ಕಲ್ಲಿನಷ್ಟೇ ಜೋಪಾನ ಮಾಡಿ.

ನಿಮ್ಮ ಎರಡನೇ ಮಾದರಿಯ ವಿಷಯ. ಉದ್ದ ಸೂಜಿ, ಮಾಸಲು ಹಳದಿ, ಮಟ್ಟಸ ಅಡಿ. ಪಾತ್ರೆಯಲ್ಲಿ ಕರಗಿಸಿ ಆರಿಸಿದ ಗಂಧಕದ ವರ್ಣನೆ ಇದು. ಕರಗಿದ ಗಂಧಕ ಆರುವಾಗ ಮೊದಲು ಮೊನೊಕ್ಲಿನಿಕ್ ರೂಪದ (ಬಳೆಗಳ ಜೋಡಣೆ ಬೇರೆಯಾದ) ಸೂಜಿಗಳಾಗುತ್ತದೆ. ಆ ರೂಪ ಸುಮಾರು 95.5 ಡಿಗ್ರಿಯ ಮೇಲೆ ಮಾತ್ರ ಸ್ಥಿರ. ಕೆಳಗಿಳಿದರೆ ಕೆಲವು ಗಂಟೆಗಳಿಂದ ಕೆಲವು ದಿನಗಳಲ್ಲಿ ಮಾಮೂಲಿ ಆರ್ಥೊರಾಂಬಿಕ್ ರೂಪಕ್ಕೆ ತಿರುಗುತ್ತದೆ. ಸಾಂದ್ರತೆ 1.96ರಿಂದ 2.07ಕ್ಕೆ ಏರುವುದರಿಂದ ಒಳಗೇ ಕುಗ್ಗಿ, ಸೂಜಿಯ ಹೊರ ಆಕಾರ ಉಳಿದು ಒಳಗೆ ಪುಡಿಪುಡಿ ಹರಳುಗಳಾಗುತ್ತವೆ. ಅದಕ್ಕೇ ಮಾಸಲು, ಅದಕ್ಕೇ ಮುಟ್ಟಿದರೆ ಉದುರುವುದು. ಜ್ವಾಲಾಮುಖಿಯ ಬಳಿಯೂ ಹೀಗಾಗುತ್ತದೆ ನಿಜ, ಆದರೆ ಅಲ್ಲಿಯದಕ್ಕೆ ಕೆಳಗೆ ಆವಿಗೆ ಬೆಂದ ಬಂಡೆಯ ಚೂರಾದರೂ ಅಂಟಿರುತ್ತದೆ, ಅಡಿ ಪಾತ್ರೆಯ ತಳದಂತೆ ಸಪಾಟಾಗಿರುವುದಿಲ್ಲ. ಊರ ಹೆಸರಿಲ್ಲದ 'ಜ್ವಾಲಾಮುಖಿ ಗಂಧಕ' ಎಂಬ ಚೀಟಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ಲೂಪ್ ಕಣ್ಣು:

ಗಣಿಮಣ್ಣು ಅವರ ಮಾತಿಗೆ ಒಂದು ಸೇರ್ಪಡೆ. ಕರಗಿಸಿ ಮಾಡಿದ್ದಷ್ಟೇ ಅಲ್ಲ, ಕಾರ್ಬನ್ ಡೈಸಲ್ಫೈಡ್ ದ್ರಾವಣದಿಂದ ಬೆಳೆಸಿದವೂ ಇರುತ್ತವೆ. ಅವು ನಿಜವಾದ ಆರ್ಥೊರಾಂಬಿಕ್ ಹರಳುಗಳೇ ಆದ್ದರಿಂದ ಆಕಾರದಿಂದ ಹಿಡಿಯಲಾಗದು. ತಳಕಲ್ಲಿಲ್ಲದ, ಎಲ್ಲ ಕಡೆಯೂ ಒಂದೇ ಸಮ ಬೆಳೆದ, ಅಂಟಿಕೊಂಡಿದ್ದ ಗುರುತೇ ಇಲ್ಲದ ಬಿಡಿ ಹರಳನ್ನು ಅನುಮಾನದಿಂದ ನೋಡಿ.

ಸಿಸಿಲಿಯ ಮಾದರಿಯನ್ನು ಕೈಗೆತ್ತಿಕೊಂಡಾಗ (ತಳಕಲ್ಲನ್ನು ಹಿಡಿದು!) ಹತ್ತು ಪಟ್ಟಿನ ಲೂಪ್‌ನಲ್ಲಿ ಮೊದಲು ದೊಡ್ಡ ಹರಳಿನ ಬುಡ ನೋಡಿ. ಕಳಚಿ ಬಿದ್ದ ಹರಳನ್ನು ಮತ್ತೆ ಅಂಟಿಸುವುದು ಗಂಧಕದಲ್ಲಿ ಬಲು ಸಾಮಾನ್ಯ. ಬುಡದ ಸುತ್ತ ನುಣುಪಾದ ಏಣು, ಸಿಕ್ಕಿಕೊಂಡ ಗಾಳಿಗುಳ್ಳೆ, ಅಂಟಿನ ಮೇಲೆ ಉದುರಿಸಿದ ಕಲ್ಲುಪುಡಿ ಕಂಡರೆ ಅದೇ. ನಂತರ ಕತ್ತಲೆಯಲ್ಲಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಬಿಡಿ. ಗಂಧಕ ಬೆಳಗುವುದಿಲ್ಲ, ಎಷ್ಟೋ ಅಂಟುಗಳು ನೀಲಿ-ಬಿಳಿಯಾಗಿ ಬೆಳಗುತ್ತವೆ. ಇಲ್ಲೊಂದು ಮೋಸವಿದೆ. ಅಗ್ರಿಜೆಂತೊ ಭಾಗದ ಅರಗೊನೈಟ್, ಕ್ಯಾಲ್ಸೈಟ್ ಕೂಡ ಬೆಳಗುತ್ತವೆ, ಟಾರ್ಚ್ ಆರಿಸಿದ ಮೇಲೂ ಕ್ಷಣಕಾಲ ಮಿಣುಕುತ್ತವೆ. ಹಾಗಾಗಿ ಬೆಳಕು ಕಂಡ ಕೂಡಲೇ ಅಂಟು ಎನ್ನಬೇಡಿ. ಬೆಳಕು ಹರಳಿನ ಬುಡಕ್ಕಷ್ಟೇ ಗೆರೆಯಾಗಿ ಸುತ್ತಿಕೊಂಡಿದೆಯೋ, ತಳಕಲ್ಲಿನ ತುಂಬ ಹರಡಿದೆಯೋ ನೋಡಿ.

ಅಂಚುಗಳ ಪೆಟ್ಟು: ಗಂಧಕ ಚಿಪ್ಪಿನಾಕಾರದಲ್ಲಿ ಒಡೆಯುತ್ತದೆ. ಪೆಟ್ಟು ಬಿದ್ದ ಜಾಗದಲ್ಲಿ ಬಾಗಿದ ಅಲೆಗೆರೆಗಳಿರುತ್ತವೆ, ಸುತ್ತಲಿನ ಮುಖಕ್ಕಿಂತ ಹೆಚ್ಚು ಹೊಳೆಯುತ್ತದೆ. ಒಳಗೆ ಕಾಮನಬಿಲ್ಲಿನ ಬಣ್ಣದ ತೆಳು ಪದರ ಕಂಡರೆ ಅದು ಗಾಳಿ ಹೊಕ್ಕ ಬಿರುಕು, ಹೆಚ್ಚಾಗಿ ಬಿಸಿಯ ಪೆಟ್ಟು. ಒಂದೆರಡಿದ್ದರೆ ಚಿಂತೆಯಿಲ್ಲ. ಹರಳಿನ ಆಚೆ-ಈಚೆ ದಾಟಿ ಹೋಗಿದ್ದರೆ ಬೆಲೆ ಇಳಿಸಲು ಕೇಳಿ, ಇಲ್ಲವೇ ಬಿಡಿ. ಮುಖಗಳು ಅತಿಯಾಗಿ ಮಿನುಗುತ್ತಿದ್ದರೆ ಮೂಲೆಗೆ ಟಿಶ್ಯೂ ಒತ್ತಿ ನೋಡಿ. ಸಣ್ಣ ಪೆಟ್ಟು ಮುಚ್ಚಲು ಎಣ್ಣೆ ಸವರಿದ್ದರೆ ಟಿಶ್ಯೂಗೆ ಹತ್ತುತ್ತದೆ.

ಬಿಡಿ ಹರಳೋ ತುಂಡೋ ಆಗಿದ್ದು ಗಂಧಕವೇ ಹೌದೋ ಎಂಬ ಅನುಮಾನವಿದ್ದರೆ ತೂಕವೇ ಉತ್ತಮ ದಾರಿ. ಗಾಳಿಯಲ್ಲಿ 20.7 ಗ್ರಾಂ ತೂಗಿದ್ದು, ದಾರದಲ್ಲಿ ಕಟ್ಟಿ ಕೋಣೆಯ ಬಿಸಿಯಷ್ಟೇ ಇರುವ ನೀರಿನಲ್ಲಿ ಮುಳುಗಿಸಿದಾಗ 10 ಗ್ರಾಂ ಕಳೆದುಕೊಂಡರೆ 20.7 ಭಾಗಿಸು 10, ಅಂದರೆ 2.07. ಕ್ಯಾಲ್ಸೈಟ್ 2.71, ಫ್ಲೋರೈಟ್ 3.18. ತಪ್ಪಲು ಸಾಧ್ಯವಿಲ್ಲ. ಉಣ್ಣೆ ಬಟ್ಟೆಗೆ ಮೆಲ್ಲಗೆ ಉಜ್ಜಿದರೆ ಕಾಗದದ ಚೂರನ್ನು ಎಳೆದುಕೊಳ್ಳುತ್ತದೆ ಎಂಬುದೂ ನಿಜವೇ. ಆದರೆ ಪ್ಲಾಸ್ಟಿಕ್, ರಾಳ ಕೂಡ ಹಾಗೇ ಎಳೆಯುತ್ತವೆ. ಅದನ್ನು ಪರೀಕ್ಷೆ ಎನ್ನಲಾಗದು. ವಾಸನೆಯನ್ನೂ ನಂಬಬೇಡಿ, ಶುದ್ಧ ಗಂಧಕಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡಿನದು, ಮೂಗು ಕಟ್ಟುವ ಘಾಟು ಉರಿದಾಗ ಬರುವ ಸಲ್ಫರ್ ಡೈಆಕ್ಸೈಡಿನದು.

ಕಲ್ಲುಹಂಬಲಿ:

ಬಹಳ ಉಪಕಾರವಾಯಿತು. ಸೂಜಿಯದನ್ನು ಕೈಬಿಟ್ಟೆ. ಸಿಸಿಲಿಯದರ ಬುಡದಲ್ಲಿ ಅಂಟಿನ ಗುರುತಿಲ್ಲ ಎಂದು ಮಾರುವವರು ಹತ್ತಿರದ ಚಿತ್ರ ಕಳಿಸಿದ್ದಾರೆ. ಆದರೆ ಚಿಕ್ಕ ಹರಳುಗಳ ಮೇಲೆ ಬೂದು ಮಣ್ಣಿನ ಪದರ, ದೊಡ್ಡದರ ಒಂದು ಮುಖಕ್ಕೆ ಬಿಳಿ ಕ್ಯಾಲ್ಸೈಟ್ ಹೊದಿಕೆ ಇದೆ. ಫ್ಲೋರೈಟ್ ತೊಳೆಯಲು ಅಲ್ಟ್ರಾಸೋನಿಕ್ ಯಂತ್ರ ಬಳಸುತ್ತೇನೆ, ಕೊನೆಗೆ ಅಸಿಟೋನ್‌ನಲ್ಲಿ ಅದ್ದಿ ಒಣಗಿಸುತ್ತೇನೆ. ಇದಕ್ಕೂ ಅದೇ ನಡೆಯುತ್ತದೆಯೇ?

ಹರಳುನೋಟ:

ಎರಡೂ ಬೇಡ! ಅಲ್ಟ್ರಾಸೋನಿಕ್‌ನ ಕಂಪನಕ್ಕೆ ಇರುವ ಕೂದಲೆಳೆ ಬಿರುಕುಗಳೆಲ್ಲ ಬಾಯ್ತೆರೆಯುತ್ತವೆ. ಅಸಿಟೋನ್ ಗಂಧಕವನ್ನು ಅಲ್ಪಸ್ವಲ್ಪ ಕರಗಿಸುತ್ತದೆ ಎನ್ನುವುದು ಚಿಕ್ಕ ತೊಂದರೆ. ಅದು ಸರ್ರನೆ ಆರುವಾಗ ಮೇಲ್ಮೈ ಥಟ್ಟನೆ ತಣ್ಣಗಾಗುತ್ತದಲ್ಲ, ಅದು ದೊಡ್ಡದು. ಬಿಸಿ ಮಾಡಿದರಷ್ಟೇ ಅಲ್ಲ, ತಣ್ಣಗೆ ಮಾಡಿದರೂ ಒಡೆಯುತ್ತದೆ. ಸ್ಪಿರಿಟ್‌ಗೂ ಇದೇ ಮಾತು. ಟಾಲುಯೀನ್, ಜೈಲೀನ್ ಇರುವ ಥಿನ್ನರ್‌ಗಳು ಹೊಳಪನ್ನೇ ತಿನ್ನುತ್ತವೆ.

ಮಣ್ಣಿಗೆ ಹೀಗೆ ಮಾಡಿ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಲೀಟರ್ ಡಿಸ್ಟಿಲ್ಡ್ ವಾಟರ್ ತುಂಬಿ, ಮಾದರಿ ಇರುವ ಕೋಣೆಯಲ್ಲೇ, ಅದರ ಪಕ್ಕದಲ್ಲೇ ರಾತ್ರಿಯಿಡೀ ಇಡಿ. ಬೆಳಿಗ್ಗೆಗೆ ಎರಡರ ಬಿಸಿಯೂ ಒಂದೇ ಆಗಿರುತ್ತದೆ. ನಲ್ಲಿ ನೀರಿನ ಕೆಳಗೆ ನೇರ ಹಿಡಿಯುವುದೇ ಬಹುಪಾಲು ಅನಾಹುತಗಳಿಗೆ ಕಾರಣ. ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರಾವಣ ಒಂದೆರಡು ಹನಿ ಬಿಟ್ಟು, ಮಾದರಿಯನ್ನು ಸ್ಪಂಜಿನ ಮೇಲೆ ಕೂರಿಸಿ ಇಳಿಸಿ. ಚಿತ್ರ ಬಿಡಿಸುವ ಮೆತ್ತನೆಯ ಬ್ರಷ್ ಸಾಕು, ಹಲ್ಲುಜ್ಜುವ ಬ್ರಷ್ ಗೀರು ಹಾಕುತ್ತದೆ. ಉಜ್ಜಬೇಡಿ, ಬ್ರಷ್ ತುದಿಯಿಂದ ನೀರು ತಳ್ಳುತ್ತ ಮಣ್ಣನ್ನು ಎಬ್ಬಿಸಿ. ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡಿ. ಜಿಪ್ಸಮ್ ಇದ್ದರೆ ಅದು ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ ಕರಗುವಂಥದ್ದು, ಗಂಟೆಗಟ್ಟಲೆ ನೆನೆಹಾಕಿದರೆ ಅದರ ಮುಖಗಳು ಮಂಕಾಗುತ್ತವೆ. ತಳಕಲ್ಲು ಜೇಡಿಯಾಗಿದ್ದರೆ ನೀರು ಕುಡಿದು ಉಬ್ಬಿ ಹರಳುಗಳನ್ನು ಕಳಚುತ್ತದೆ, ಆಗ ನೀರೇ ಬೇಡ, ಒಣ ಬ್ರಷ್ ಮತ್ತು ಗಾಳಿ ಊದುವ ರಬ್ಬರ್ ಬಲ್ಬ್ ಮಾತ್ರ.

ಕೊನೆಗೆ ಅದೇ ಬಿಸಿಯ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ಟಿಶ್ಯೂ ಅಂಚಿನಿಂದ ಹನಿಗಳನ್ನು ಹೀರಿಸಿ, ಮೇಲೊಂದು ಡಬ್ಬಿ ಅರೆಬರೆ ಮುಚ್ಚಿ ಒಂದೆರಡು ದಿನ ಬಿಡಿ. ಫ್ಯಾನ್, ಬಿಸಿಲು, ಹೇರ್ ಡ್ರೈಯರ್ ಯಾವುದೂ ಬೇಡ.

ಗಣಿಮಣ್ಣು:

ಕ್ಯಾಲ್ಸೈಟ್ ಹೊದಿಕೆಗೆ ಆಮ್ಲ ಬಳಸಬಹುದು, ಗಂಧಕಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದ ಏನೂ ಆಗುವುದಿಲ್ಲ. ಸೆಲೆಸ್ಟೈಟಿಗೂ ಅಷ್ಟೇ. 35 ಶೇಕಡಾದ ಒಂದು ಪಾಲು ಆಮ್ಲವನ್ನು ಆರು ಪಾಲು ನೀರಿಗೆ ಸುರಿದರೆ (ನೀರನ್ನು ಆಮ್ಲಕ್ಕಲ್ಲ) 5–6 ಶೇಕಡಾ ಆಗುತ್ತದೆ. ಬೆರೆಸಿದಾಗ ಬಿಸಿಯಾಗುತ್ತದೆ, ಪೂರ್ತಿ ಆರಿದ ಮೇಲೇ ಮಾದರಿ ಇಳಿಸಿ. ಆಮ್ಲ ಕ್ಯಾಲ್ಸೈಟನ್ನು ತಿನ್ನುವಾಗಲೂ ಶಾಖ ಹೊರಡುತ್ತದೆ, ಹಾಗಾಗಿ ಹೆಚ್ಚು ದ್ರಾವಣ, ಕಡಿಮೆ ಸಾಂದ್ರತೆ ಇರಲಿ. ಗಾಳಿಯಾಡುವ ಜಾಗ, ಕನ್ನಡಕ, ಗ್ಲೌಸ್ ಕಡ್ಡಾಯ. ತಳಕಲ್ಲಿನಲ್ಲಿ ಸಲ್ಫೈಡ್ ಖನಿಜ ಇದ್ದರೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಬರಬಹುದು. ವಾಸನೆ ಬರಲಿಲ್ಲವೆಂದು ಧೈರ್ಯ ಮಾಡಬೇಡಿ, ಹೆಚ್ಚಿನ ಪ್ರಮಾಣದಲ್ಲಿ ಅದು ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ.

ಕಬ್ಬಿಣದ ಕಲೆಗೆಂದು ಆಕ್ಸಾಲಿಕ್ ಆಮ್ಲ ಹಾಕಬೇಡಿ. ಕ್ಯಾಲ್ಸೈಟ್ ಜೊತೆ ಸೇರಿ ಕ್ಯಾಲ್ಸಿಯಂ ಆಕ್ಸಲೇಟಿನ ಬಿಳಿ ಪೊರೆ ಕಟ್ಟಿಕೊಳ್ಳುತ್ತದೆ, ಅದನ್ನು ತೆಗೆಯುವುದು ಇನ್ನೂ ಕಷ್ಟ.

ಲೂಪ್ ಕಣ್ಣು:

ಇದಕ್ಕೆ ನನ್ನ ಆಕ್ಷೇಪವಿದೆ. ರಸಾಯನಶಾಸ್ತ್ರ ಸರಿ, ಸಲಹೆ ಈ ಮಾದರಿಗೆ ಹೊಂದದು. ಅದರ ಅಂದವೇ ಪಕ್ಕದ ಅರಗೊನೈಟ್, ಅದು ಕೂಡ ಕ್ಯಾಲ್ಸಿಯಂ ಕಾರ್ಬೋನೇಟ್. ಹೊದಿಕೆ ಹೋಗುವ ಹೊತ್ತಿಗೆ ಅರಗೊನೈಟಿನ ತುದಿಗಳೂ ಹೋಗಿರುತ್ತವೆ. ಮೇಲಾಗಿ ಸಿಸಿಲಿಯ ಎಷ್ಟೋ ಮಾದರಿಗಳಲ್ಲಿ ಗಂಧಕ ಹರಳನ್ನು ಹಿಡಿದು ನಿಲ್ಲಿಸಿರುವುದೇ ಬುಡದ ಕ್ಯಾಲ್ಸೈಟ್. ಅದು ಕರಗಿತೆಂದರೆ ಹರಳು ಡಬ್ಬಿಯ ತಳದಲ್ಲಿರುತ್ತದೆ.

ಮಾಡಲೇಬೇಕೆಂದಿದ್ದರೆ ಅದ್ದುವ ಬದಲು ತೇಪೆಯಂತೆ ಮಾಡಿ. ವಿನೆಗರ್ ಸಾಂದ್ರತೆಯ, ಅಂದರೆ 5 ಶೇಕಡಾ ಅಸಿಟಿಕ್ ಆಮ್ಲವನ್ನು ಸಣ್ಣ ಬ್ರಷ್‌ನಿಂದ ಆ ಒಂದು ಮುಖಕ್ಕಷ್ಟೇ ಹಚ್ಚಿ, ಐದು ನಿಮಿಷ ಬಿಟ್ಟು ಟಿಶ್ಯೂನಿಂದ ಹೀರಿ, ನೀರು ಹಚ್ಚಿ ಹೀರಿ, ಮತ್ತೆ ಹಚ್ಚಿ. ಹರಳು ಮೇಲಕ್ಕೆ, ಅರಗೊನೈಟ್ ದೂರಕ್ಕೆ ಇರುವಂತೆ ಮಾದರಿಯನ್ನು ಓರೆ ಮಾಡಿಡಿ. ಹಲವು ಸರದಿ ಬೇಕಾಗುತ್ತದೆ. ಆದರೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. ನನ್ನ ಕೇಳಿದರೆ ಆ ಹೊದಿಕೆಯನ್ನು ಹಾಗೇ ಬಿಡಿ. ಮಾದರಿ ಎಲ್ಲಿಯದು ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಗಣಿಮಣ್ಣು:

ಅರಗೊನೈಟ್ ವಿಷಯ ಒಪ್ಪಿದೆ. ಪೂರ್ತಿ ಅದ್ದುವುದು ಸೆಲೆಸ್ಟೈಟ್ ಜೊತೆಗಿನ ಮಾದರಿಗೆ ಮಾತ್ರ ಇರಲಿ.

ಕಲ್ಲುಹಂಬಲಿ:

ಹಾಗಾದರೆ ಹೊದಿಕೆ ಇದ್ದಂತೆಯೇ ಇರಲಿ. ಕೊನೆಯದಾಗಿ ಎರಡು ಪ್ರಶ್ನೆ. ಶೋಕೇಸಿನಲ್ಲಿ ಇದರ ಪಕ್ಕದಲ್ಲೇ ತಂತಿಯಂತಿರುವ ಸ್ವಾಭಾವಿಕ ಬೆಳ್ಳಿಯ ಮಾದರಿಯಿದೆ, ತೊಂದರೆಯೇ? ಪಾರ್ಸೆಲ್ ಹೇಗೆ ತರಿಸಿಕೊಳ್ಳಲಿ?

ಹರಳುನೋಟ:

ಬೆಳ್ಳಿಯನ್ನು ಬೇರೆ ಶೋಕೇಸಿಗೇ ಸಾಗಿಸಿ, ಅದೇ ಶೋಕೇಸಿನ ಬೇರೆ ಶೆಲ್ಫಿಗೆ ಸರಿಸಿದರೆ ಸಾಲದು. ಗಂಧಕ ಮಾಮೂಲಿ ಬಿಸಿಯಲ್ಲೂ ಕಣ್ಣಿಗೆ ಕಾಣದಷ್ಟು ಆವಿಯಾಗುತ್ತಿರುತ್ತದೆ. ಮುಚ್ಚಿದ ಗಾಜಿನೊಳಗೆ ಬೆಳ್ಳಿಯನ್ನು ಸಲ್ಫೈಡ್ ಮಾಡಿ ಕಪ್ಪಾಗಿಸಲು ಅಷ್ಟೇ ಸಾಕು. ಸ್ವಾಭಾವಿಕ ತಾಮ್ರಕ್ಕೂ, ಹಿತ್ತಾಳೆಯ ಸ್ಟ್ಯಾಂಡಿಗೂ ಅದೇ ಗತಿ. ಗಂಧಕವನ್ನು ಅದರದೇ ಅಕ್ರಿಲಿಕ್ ಡಬ್ಬಿಯಲ್ಲಿ ಇಡಿ. ತೇವ ಸೇರದಂತೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನೀಲಿಯದು ಗುಲಾಬಿಯಾದಾಗ ಬದಲಾಯಿಸಿ. ತೇವವಿದ್ದಲ್ಲಿ ಗಂಧಕ ತಿಂದು ಸಲ್ಫ್ಯೂರಿಕ್ ಆಮ್ಲ ಬಿಡುವ ಬ್ಯಾಕ್ಟೀರಿಯಾಗಳಿವೆ, ಆ ಆಮ್ಲ ಮೊದಲು ತಿನ್ನುವುದು ಕ್ಯಾಲ್ಸೈಟನ್ನು ಮತ್ತು ಕಾಗದದ ಚೀಟಿಯನ್ನು. ಚೀಟಿಯನ್ನು ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ ಡಬ್ಬಿಯ ಹೊರಗಿಡುವುದು ವಾಸಿ.

ದೀಪ ಎಲ್‌ಇಡಿಯೇ ಇರಲಿ, ಅದೂ ಗಾಜಿನ ಹೊರಗೆ. ಹ್ಯಾಲೊಜನ್ ಬಲ್ಬ್ ಹಾಕಿದರೆ ಪ್ರತಿ ಸಲ ಹಚ್ಚಿ ಆರಿಸಿದಾಗಲೂ ಒಂದು ಬಿಸಿ-ತಣ್ಣನೆಯ ಸುತ್ತು. ಚಿತ್ರ ತೆಗೆಯುವ ದೀಪಗಳಿಗೂ ಇದೇ ನಿಯಮ. ಕಳಚಿದ ಚಿಕ್ಕ ಹರಳನ್ನು ಕೂರಿಸಬೇಕಾಗಿ ಬಂದರೆ ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟು ಸೂಜಿಮೊನೆಯಷ್ಟು ಸಾಕು. ಬಿಸಿ ಅಂಟಿನ ಗನ್ ಹತ್ತಿರವೂ ಬರಬಾರದು, ಅದರ ಅಂಟು ಗಂಧಕ ಕರಗುವ ಬಿಸಿಗಿಂತ ಮೇಲಿರುತ್ತದೆ. ಮೇಲೆ ವಾರ್ನಿಷ್ ಹೊಡೆಯುವ ಯೋಚನೆಯಿದ್ದರೆ ಅದನ್ನೂ ಬಿಡಿ.

ಬೆಂಕಿಯ ಭಯ ಕೇಳುವವರಿದ್ದಾರೆ. ತಾನಾಗಿ ಹೊತ್ತಿಕೊಳ್ಳಲು 230 ಡಿಗ್ರಿಯ ಆಸುಪಾಸು ಬೇಕು, ಶೆಲ್ಫಿನ ಮೇಲಿನ ಹರಳಿಗೆ ಅದು ಬರುವುದಿಲ್ಲ. ನುಣ್ಣನೆಯ ಪುಡಿ ಗಾಳಿಯಲ್ಲಿ ಎದ್ದರೆ ಮಾತ್ರ ಅಪಾಯಕಾರಿ. ಆದ್ದರಿಂದ ಒಣಗಿದ್ದಾಗ ಅರೆಯುವುದು, ಸಾಣೆ ಹಿಡಿಯುವುದು ಬೇಡ.

ಲೂಪ್ ಕಣ್ಣು:

ಪಾರ್ಸೆಲ್ ಬಗ್ಗೆ. ಸಾಗಣೆ ನಿಯಮಗಳಲ್ಲಿ ಗಂಧಕಕ್ಕೆ ಯುಎನ್ 1350 ಎಂಬ ಸಂಖ್ಯೆಯಿದೆ, ಉರಿಯುವ ಘನ ವಸ್ತುಗಳ ವರ್ಗ. ಕಳಿಸುವ ಮೊದಲು ಸಾಗಣೆದಾರರನ್ನು ಕೇಳಿ ಒಪ್ಪಿಗೆ ಪಡೆಯಲು ಮಾರುವವರಿಗೆ ಹೇಳಿ.

ಪ್ಯಾಕಿಂಗ್ ಹೀಗಿರಲಿ: ಹರಳಿನ ಮೇಲೆ ಏನೂ ಒತ್ತಬಾರದು. ತಳಕಲ್ಲನ್ನು ಚಿಕ್ಕ ಗಟ್ಟಿ ಡಬ್ಬಿಯ ತಳಕ್ಕೆ ಮಿನರಲ್ ಟ್ಯಾಕ್‌ನಿಂದ (ಮೆತ್ತನೆಯ ಅಂಟುಮುದ್ದೆ) ಕೂರಿಸಿ, ಹರಳಿನ ಸುತ್ತ ಬರೀ ಗಾಳಿ ಇರಬೇಕು. ಹತ್ತಿ ಬೇಡ, ಅದರ ಎಳೆಗಳು ಚಿಕ್ಕ ಹರಳಿಗೆ ಸಿಕ್ಕಿ ಬಿಡಿಸುವಾಗ ಕಿತ್ತು ಬರುತ್ತವೆ. ಆ ಡಬ್ಬಿಯನ್ನು ಎಲ್ಲ ಕಡೆ ಐದು ಸೆಂ.ಮೀ. ಥರ್ಮೋಕೋಲ್ ಇರುವ ದೊಡ್ಡ ಪೆಟ್ಟಿಗೆಯೊಳಗೆ ಇಡಲಿ. ಥರ್ಮೋಕೋಲ್ ಪೆಟ್ಟನ್ನೂ ತಡೆಯುತ್ತದೆ, ಹೊರಗಿನ ಬಿಸಿ-ಚಳಿ ಥಟ್ಟನೆ ಒಳಗೆ ಬರದಂತೆಯೂ ನೋಡಿಕೊಳ್ಳುತ್ತದೆ.

ಪಾರ್ಸೆಲ್ ಬಂದ ಕೂಡಲೇ ಕತ್ತರಿ ಹಾಕಬೇಡಿ. ವಾಹನದ ಬಿಸಿಯೋ ವಿಮಾನದ ಚಳಿಯೋ ಇನ್ನೂ ಒಳಗೇ ಇರುತ್ತದೆ. ಶೋಕೇಸ್ ಇರುವ ಕೋಣೆಯಲ್ಲಿ 24 ಗಂಟೆ ಮುಚ್ಚಿದಂತೆಯೇ ಬಿಡಿ. ಹೊರ ಪೆಟ್ಟಿಗೆ ತೆಗೆದ ಮೇಲೆ ಒಳ ಡಬ್ಬಿಯನ್ನೂ ಇನ್ನೊಂದೆರಡು ಗಂಟೆ ಬಿಟ್ಟು ನಂತರ ತೆರೆಯಿರಿ.